ನಡೆಸುವುದರಲ್ಲಿ ಏನು ತೃಪ್ತಿ ಎಂದು ಕೇಳುವವರಿಗೆ

ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ ಬಗೆಯಲ್ಲಿ ಬರುತ್ತದೆ. ಕೆಲಸವೇನೆಂದು ವಿಚಾರಿಸಿದವರಿಗೆ, ನಾನು ವ್ಯಾಯಾಮ ಶರೀರಕ್ರಿಯಾ ತಜ್ಞೆ, ಅಂದರೆ ಹೃದಯದ, ಶ್ವಾಸಕೋಶದ ಕಾಯಿಲೆಯೋ ಮಧುಮೇಹವೋ ಇರುವವರ ದೇಹ ಎಷ್ಟು ಶ್ರಮವನ್ನು ತಾಳಬಲ್ಲದೆಂದು ಅಳೆದು, ಅದಕ್ಕೆ ತಕ್ಕ ವ್ಯಾಯಾಮವನ್ನು ಗೊತ್ತುಮಾಡಿ, ಎದುರಿಗೆ ನಿಂತು ಮಾಡಿಸುವವಳು ಎಂದು ಹೇಳುತ್ತೇನೆ. ಅವರು ಒಂದು ಕ್ಷಣ ಯೋಚಿಸಿ, "ಅಂದರೆ ಜನರನ್ನು ನಡೆಸುತ್ತೀರಿ. ಇದರಲ್ಲಿ ನಿಮಗೆ ಏನು ತೃಪ್ತಿ ಸಿಗುತ್ತದೆ?" ಎನ್ನುತ್ತಾರೆ. ಮೊದಮೊದಲು ನಗುನಗುತ್ತಲೇ ಉತ್ತರಿಸುತ್ತಿದ್ದೆ. ಈಗ ಬರೆದಿಟ್ಟುಬಿಡುತ್ತಿದ್ದೇನೆ, ಮುಂದೆ ಕೇಳುವವರು ಓದಿಕೊಳ್ಳಲಿ.

ಆ "ಅಂದರೆ" ಎಂಬುದನ್ನೇ ಮೊದಲು ವಿಚಾರಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸಕರಿಗೆ "ಅಂದರೆ ಕೊಯ್ಯುತ್ತೀರಿ" ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಅವರ ತೃಪ್ತಿಯನ್ನೂ ಯಾರೂ ವಿಚಾರಿಸುವುದಿಲ್ಲ. ಹಣವೂ ಅಷ್ಟಕ್ಕಷ್ಟೇ, ಹೆಸರೂ ಅಷ್ಟಕ್ಕಷ್ಟೇ ಎಂದು ತೋರುವ ಕೆಲಸದವರನ್ನು ಮಾತ್ರ, ಪಾಪ, ತೃಪ್ತಿಯಾದರೂ ಇದೆಯೇ ಎಂದು ಕೇಳುವುದು ವಾಡಿಕೆ. ಇದು ಕುತೂಹಲದ ವೇಷ ತೊಟ್ಟ ಕನಿಕರ. ನನಗೆ ಅದು ಬೇಕಾಗಿಲ್ಲ.

ಇನ್ನು ನಡೆಸುವ ವಿಚಾರ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿಯೇ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದು ಎಂದು ಪ್ರಕಟಿಸಿದ್ದೇ ಆಗ ದೊಡ್ಡ ಸಾಹಸವಾಗಿತ್ತು. ಆಮೇಲೆ 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿ ಅಳೆದಾಗ, ದೇಹದ ದುಡಿಯುವ ಸಾಮರ್ಥ್ಯವನ್ನು ಮೂವತ್ತು ವರ್ಷಗಳ ವಯಸ್ಸು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆವಾಸವೇ ಹೆಚ್ಚು ಕುಗ್ಗಿಸಿತ್ತೆಂದು ತಿಳಿಯಿತು. ವಿಜ್ಞಾನಕ್ಕೆ ಇದು ಗೊತ್ತಾಗಿ ಬಹಳ ಕಾಲವಾಗಿದೆ. ಮನೆಯವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹಾಗೆ ಗೊತ್ತಾಗದ ಮನೆಯಿಂದಲೇ ಒಬ್ಬರು ಬಂದಿದ್ದರು. ಐವತ್ತು ದಾಟಿದವರು, ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ಮೆಟ್ಟಿಲು ಹತ್ತಬಾರದೆಂದು ಹೆಂಡತಿ ಅವರ ಮಂಚವನ್ನೇ ಕೆಳಗಿಳಿಸಿದ್ದರು. ಮಾತನಾಡುತ್ತಿರುವಾಗಲೂ ಅವರ ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲೆಯೇ ಇರುತ್ತಿದ್ದವು. ಟ್ರೆಡ್‌ಮಿಲ್ ಹತ್ತಿದ ಮೇಲೆ ಆ ಕೈಗಳು ಕಂಬಿಗೆ ಹೋದವು. ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗ, ಏರು ಸೊನ್ನೆ. ಮಗುವನ್ನು ಕೈಹಿಡಿದು ನಡೆಸುವಷ್ಟು ನಿಧಾನ. ಆದರೂ ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದರು.

ಶ್ರಮವನ್ನು ರೋಗಿಯ ಬಾಯಿಂದಲೇ ತಿಳಿಯಲು ನಾವು 6ರಿಂದ 20ರವರೆಗಿನ ಒಂದು ಅಳತೆಯನ್ನು ಬಳಸುತ್ತೇವೆ. ಅದನ್ನು ರೂಪಿಸಿದವರು ಸ್ವೀಡನ್ನಿನ ಗುನ್ನಾರ್ ಬೋರ್ಗ್. ಆರೋಗ್ಯವಂತರಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತ ಹೆಚ್ಚುಕಡಿಮೆ ಸಿಗಲಿ ಎಂಬುದು ಅವರ ಲೆಕ್ಕಾಚಾರ. ಬೀಟಾ ಬ್ಲಾಕರ್ ಮಾತ್ರೆ ನಾಡಿಯ ವೇಗವನ್ನು ತಗ್ಗಿಸುವುದರಿಂದ ಈ ಹಿರಿಯರ ವಿಷಯದಲ್ಲಿ ಆ ಲೆಕ್ಕ ಕೂಡುವಂತಿರಲಿಲ್ಲ. ಅವರ ಮಾತನ್ನೇ ನಂಬಬೇಕಿತ್ತು. ಎಷ್ಟೆಂದು ಕೇಳಿದೆ. "ಹದಿನೇಳು, ಮೇಡಂ" ಎಂದರು. ಹದಿನೇಳೆಂದರೆ ಬಹಳ ಕಷ್ಟ. ಉಸಿರು ಸಮವಾಗಿತ್ತು, ಇಸಿಜಿ ಶಾಂತವಾಗಿತ್ತು, ಮಾತು ಎಲ್ಲಿಯೂ ತುಂಡಾಗುತ್ತಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ಭಯಕ್ಕೆ ಅಂಕ ಕೊಟ್ಟಿದ್ದರು, ಅಷ್ಟೇ.

ಕಂಬಿಯನ್ನು ಬಿಗಿಯಾಗಿ ಹಿಡಿದರೆ ದೇಹದ ಭಾರದಲ್ಲಿ ಒಂದಷ್ಟು ಕೈಗಳ ಮೇಲೆ ಬೀಳುತ್ತದೆ, ಯಂತ್ರ ತೋರಿಸುವ ಸಾಮರ್ಥ್ಯ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಬಿಡಿ, ಬಿಡಿ ಎಂದು ಹೇಳುವುದು ನಮ್ಮ ಕರ್ತವ್ಯ. ನಾಲ್ಕು ವಾರ ಹೇಳಿದೆ. ಐದನೆಯ ವಾರ ಅವರು ಆಸ್ತಿ ಪಾಲಿನಲ್ಲಿ ತಮ್ಮನಿಂದ ತಮಗಾದ ಅನ್ಯಾಯವನ್ನು ವಿವರಿಸಲು ತೊಡಗಿದರು. ಅನ್ಯಾಯ ದೊಡ್ಡದಾಗಿದ್ದಿರಬೇಕು, ಏಕೆಂದರೆ ಅದನ್ನು ವರ್ಣಿಸಲು ಒಂದು ಕೈ ಸಾಲಲಿಲ್ಲ. ಸುಮಾರು ಎರಡು ನಿಮಿಷ ಎರಡೂ ಕೈಗಳು ಗಾಳಿಯಲ್ಲಿದ್ದವು. ವೇಗ ಮೊದಲ ದಿನದ್ದಕ್ಕಿಂತ ದುಪ್ಪಟ್ಟಿಗೆ ಹತ್ತಿರವಿತ್ತು. ನಾನು ತುಟಿ ಬಿಚ್ಚಲಿಲ್ಲ. ಕಥೆ ಮುಗಿದ ಮೇಲೆ ಎಷ್ಟೆಂದು ಕೇಳಿದರೆ, ತಮ್ಮನ ಮೇಲಿನ ಸಿಟ್ಟಿನಲ್ಲೇ "ಹನ್ನೊಂದು" ಎಂದರು.

ಏನು ತೃಪ್ತಿ ಎಂದು ಕೇಳಿದಿರಲ್ಲ, ಅದೇ. ಇದನ್ನು ಬಾಯಲ್ಲಿ ಹೇಳಿದರೆ ಕೇಳಿದವರು "ಅಷ್ಟೇನಾ?" ಎನ್ನುತ್ತಾರೆ, ಅದಕ್ಕೇ ಹೇಳುವುದನ್ನು ಬಿಟ್ಟಿದ್ದೆ. ಬಾಯಿಬಿಟ್ಟು ಸಂತೋಷಪಡುವಂಥ ಅಂಕಿಗಳು ನಮ್ಮಲ್ಲಿ ಕಡಿಮೆ. ಆರು ನಿಮಿಷದ ನಡಿಗೆಯ ಪರೀಕ್ಷೆಯಲ್ಲಿ ಶ್ವಾಸಕೋಶದ ರೋಗಿಯೊಬ್ಬರು ಮೊದಲಿಗಿಂತ ಸುಮಾರು 30 ಮೀಟರ್ ಹೆಚ್ಚು ನಡೆದರೆ ಅದನ್ನು ಲೆಕ್ಕಕ್ಕೆ ಹಿಡಿಯಬಹುದಾದ ಸುಧಾರಣೆ ಎನ್ನುತ್ತೇವೆ, ಅಂದರೆ ಆಸ್ಪತ್ರೆಯ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಇನ್ನೊಂದೇ ಒಂದು ಸಲ. ಹೃದಯ ಸೋಲುತ್ತಿರುವವರು ವರ್ಷವಿಡೀ ಅಷ್ಟೇ ದೂರ ನಡೆಯುತ್ತಿದ್ದರೆ, ಏನೂ ಬದಲಾಗದ ಆ ಚೀಟಿಯನ್ನು ನೋಡಿ ನಾವು ಒಳಗೊಳಗೇ ಹಿಗ್ಗುತ್ತೇವೆ.

ಕೇಳಲೇಬೇಕೆಂದಿದ್ದರೆ, ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಿ. ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಯಂತ್ರವನ್ನು ಚಾಲೂ ಮಾಡುವುದು ಯಾರಿಂದಲಾದರೂ ಆಗುತ್ತದೆ. ಬ್ರೂಸ್ ಕ್ರಮ ಎಂಬ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಒಟ್ಟಿಗೆ ಹೆಚ್ಚುತ್ತವೆ, ಶ್ರಮ ಹೆಚ್ಚಿದಂತೆ ಮೇಲಿನ ರಕ್ತದೊತ್ತಡವೂ ಏರಬೇಕು. ಏರಬೇಕಾದದ್ದು ಇಳಿಯತೊಡಗಿದರೆ, ಹೃದಯ ಬೇಡಿಕೆಯನ್ನು ಪೂರೈಸಲಾರದೆ ಕೈಚೆಲ್ಲುತ್ತಿರಬಹುದು. ಅದಕ್ಕೂ ಮುಂಚೆ ಕಿವಿಗೆ ಸುಳಿವು ಸಿಗುವುದುಂಟು: ಪೂರ್ತಿ ವಾಕ್ಯ ಆಡುತ್ತಿದ್ದವರು ಅರ್ಧ ವಾಕ್ಯಕ್ಕೆ, ಅಲ್ಲಿಂದ ಒಂದೊಂದೇ ಪದಕ್ಕೆ, ಕೊನೆಗೆ ತಲೆಯಾಡಿಸುವುದಕ್ಕೆ ಇಳಿಯುತ್ತಾರೆ. ಹಟಮಾರಿಗಳು ಆಗಲೂ "ಇನ್ನೊಂದು ನಿಮಿಷ" ಎನ್ನುತ್ತಾರೆ. ಒಬ್ಬ ಮಹಿಳೆ ಹಾಗೆಂದಾಗ, ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂಬ ಸುಳಿವಾಗಿ ಇಸಿಜಿಯ ಗೆರೆ ಕೆಳಗೆ ಜಗ್ಗಿದ್ದನ್ನು ಕಂಡು ನಿಲ್ಲಿಸಿ ಹೃದ್ರೋಗ ತಜ್ಞರನ್ನು ಕರೆಸಿದೆ. ಆಕೆಗೆ ನನ್ನ ಮೇಲೆ ಬಂದ ಕೋಪ ಬಹಳ ದಿನ ಇಳಿಯಲಿಲ್ಲ. ನಿಲ್ಲಿಸಿದ್ದಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ, ಏಕೆಂದರೆ ಆಗದೇ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಸಂಜೆ ನಾನು ಮಾತ್ರ ನೆಮ್ಮದಿಯಾಗಿ ಮನೆಗೆ ಹೋದೆ.

ಆಸ್ತಿ ವ್ಯಾಜ್ಯದ ಹಿರಿಯರು ಹನ್ನೆರಡು ವಾರ ಮುಗಿಸಿ ಹೋದರು. ಕೆಲವು ತಿಂಗಳಾದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಮಂಚ ಮತ್ತೆ ಮೇಲೆ ಹೋಗಿದೆ. ಅದನ್ನು ಸಾಗಿಸುವಾಗ ಬೇಡವೆಂದರೂ ಕೇಳದೆ ಇವರೂ ಒಂದು ಕಡೆ ಹಿಡಿದಿದ್ದಾರೆ. ಇವರಿಗೆ ಇಷ್ಟು ಧೈರ್ಯ ತುಂಬಿದ್ದು ಯಾರೆಂದು ತಮಗೆ ಚೆನ್ನಾಗಿ ಗೊತ್ತಿದೆ ಎಂದು ನನ್ನನ್ನು ಬೈದರು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದೆಂದು ಅವರಿಗೆ ಹೇಳಿ ಎಂದಷ್ಟೇ ನಾನು ಉತ್ತರಿಸಿದೆ.