ಬಾಲದ ತುದಿಯ ಗುಳ್ಳೆ

ಹುಡುಕಲು ಹೊರಟಿದ್ದು ಮೂತ್ರಪಿಂಡದ ಕಲ್ಲನ್ನು. ಸಿಕ್ಕಿದ್ದು ಮೇದೋಜೀರಕ ಗ್ರಂಥಿಯ ಬಾಲದಲ್ಲಿ, ಅಂದರೆ ಅದರ ಕಿರಿದಾದ ತುದಿಯಲ್ಲಿದ್ದ ಒಂದು ಸಿಸ್ಟ್, ಚೀಲದಂಥ ಗುಳ್ಳೆ. ಹೊಟ್ಟೆನೋವಿಲ್ಲ, ಕಾಮಾಲೆಯಿಲ್ಲ, ತೂಕವೂ ಇಳಿದಿರಲಿಲ್ಲ. ಆದರೂ ಸಿಟಿ ಸ್ಕ್ಯಾನ್ ವರದಿಯ ಕೊನೆಯಲ್ಲಿ, ಇದು ಲೋಳೆ ತುಂಬಿದ ಸಿಸ್ಟ್ ಇರಬಹುದು ಎಂದಿತ್ತು. ಆ ಜಾತಿಯದ್ದು ಮುಂದೆ ಕ್ಯಾನ್ಸರ್ ಆಗಬಲ್ಲದು. ತಿಳಿನೀರಿನಂಥ ದ್ರವವಿರುವ ಸೀರಸ್ ಸಿಸ್ಟ್ ಆಗಿದ್ದರೆ ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ.

ಅಷ್ಟರಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಬಂತು. ಮೇದೋಜೀರಕದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಸಿಎ 19-9 ಎಂಬ ವಸ್ತು ಸಾಮಾನ್ಯವಾಗಿ 37ರೊಳಗಿರಬೇಕು. ನನ್ನದು ಅದನ್ನು ದಾಟಿತ್ತು. ಶಸ್ತ್ರಚಿಕಿತ್ಸಕರು ಹಾಳೆಯ ಮೇಲೆ ಗ್ರಂಥಿಯ ಚಿತ್ರ ಬಿಡಿಸಿ, ಬಾಲದ ಮೇಲೆ ಅಡ್ಡಗೆರೆ ಎಳೆದರು. ಪಕ್ಕದ ಗುಲ್ಮವೂ ಹೋಗಬಹುದು, ಮಧುಮೇಹ ಬರುವ ಸಾಧ್ಯತೆಯೂ ಇದೆ ಎಂದರು. ಮಾತು ನೇರವಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಳಗೇನಿದೆ ಎಂದು ಇನ್ನೂ ಯಾರೂ ನೋಡಿರಲಿಲ್ಲ.

‘ಮೊದಲು ಸೂಜಿ ಹಾಕಿ ನೋಡೋಣ’ ಎಂದವರು ಜಠರರೋಗ ತಜ್ಞರು. ಬಾಯಿಯ ಮೂಲಕ ಇಳಿಸುವ ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆಯೇ ಆದ್ದರಿಂದ, ಜಠರದ ಗೋಡೆಯ ಮೂಲಕ ಸೂಜಿ ಸಿಸ್ಟಿನೊಳಕ್ಕೆ ಹೋಗುತ್ತದೆ. ನನಗೆ ಮಂಪರು ಬರಿಸಿದ್ದರಿಂದ ಏನೂ ನೆನಪಿಲ್ಲ. ಎಚ್ಚರವಾದ ಮೇಲೆ ಅವರು ತೋರಿಸಿದ ಪುಟ್ಟ ಬಾಟಲಿ ಮಾತ್ರ ಕಣ್ಣಿಗೆ ಕಟ್ಟಿದಂತಿದೆ: ತಳದಲ್ಲಿ ಮಾಸಲು ಬಿಳಿಯ, ಟೂತ್‌ಪೇಸ್ಟಿನಂಥ ಗಟ್ಟಿ ಪದಾರ್ಥ. ಸೂಜಿಯಲ್ಲಿ ಎಳೆಯಲು ಹೆಣಗಬೇಕಾಯಿತಂತೆ. ಅದು ನೀರೂ ಅಲ್ಲ, ಎಳೆಎಳೆಯಾದ ಲೋಳೆಯೂ ಅಲ್ಲ ಎಂಬುದೇ ಅವರ ಉತ್ಸಾಹಕ್ಕೆ ಕಾರಣ. ರೋಗಿಯ ಮುಂದೆ ವೈದ್ಯರು ಅಷ್ಟು ಖುಷಿಪಡುವುದನ್ನು ನಾನು ಕಂಡಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕೋಶಕೇಂದ್ರವಿಲ್ಲದ ಚಪ್ಪಟೆ ಕೋಶಗಳು, ಚರ್ಮದಲ್ಲಿರುವಂಥದೇ ಕೆರಾಟಿನ್, ಕೊಲೆಸ್ಟ್ರಾಲ್ ಹರಳುಗಳು, ಜೊತೆಗೆ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು. ಕ್ಯಾನ್ಸರ್ ಕೋಶವಿರಲಿಲ್ಲ. ಹೆಸರು ಲಿಂಫೋಎಪಿಥೀಲಿಯಲ್ ಸಿಸ್ಟ್. ಅಪಾಯವಿಲ್ಲದ್ದು, ತೀರಾ ಅಪರೂಪದ್ದು, ಹೆಚ್ಚಾಗಿ ನಡುವಯಸ್ಸು ದಾಟಿದ ಗಂಡಸರಲ್ಲಿ ಕಾಣುವಂಥದ್ದು. ಸಿಎ 19-9 ಅನ್ನು ಈ ಸಿಸ್ಟಿನ ಒಳಪದರವೇ ಸ್ರವಿಸಬಲ್ಲದು. ಸಿಸ್ಟಿನ ದ್ರವದಲ್ಲಿ ಅಳೆಯುವ ಸಿಇಎ ಎಂಬ ಪ್ರೋಟೀನು ಮಿಲಿಲೀಟರಿಗೆ 192 ನ್ಯಾನೋಗ್ರಾಂ ದಾಟಿದರೆ ಲೋಳೆಯ ಸಿಸ್ಟ್ ಎಂದು ಎಣಿಸುವ ರೂಢಿಯಿದೆಯಲ್ಲ, ಆ ಗಡಿಯನ್ನೂ ಇದು ಕೆಲವೊಮ್ಮೆ ಮೀರುತ್ತದಂತೆ. ಅಂಕಿಗಳನ್ನೇ ನಂಬಿ ಕೂತಿದ್ದರೆ ನನ್ನ ಗುಲ್ಮ ಈಗ ಜಾಡಿಯಲ್ಲಿರುತ್ತಿತ್ತು.

ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಶಸ್ತ್ರಚಿಕಿತ್ಸಕರೇ ರದ್ದುಪಡಿಸಿದರು. ಆಮೇಲಿನ ಎಂಆರ್‌ಐನಲ್ಲಿ ಸಿಸ್ಟ್ ಬೆಳೆದಿರಲಿಲ್ಲ. ಸಿಎ 19-9 ಈಗಲೂ 37ಕ್ಕಿಂತ ಮೇಲೆಯೇ ಇದೆ. ಹೊಸ ವೈದ್ಯರು ಅದನ್ನು ನೋಡಿ ಗಾಬರಿಯಾಗುವ ಮೊದಲೇ ಪೆಥಾಲಜಿ ವರದಿಯನ್ನು ಅವರ ಮುಂದಿಡುತ್ತೇನೆ.