ಎರಡನೇ ವಾರ, ಎರಡೂವರೆ ಪುಟ

ತಿಂಗಳೊಂದರಲ್ಲಿ ಮಕ್ಕಳಿಂದ ಕಾದಂಬರಿ ಬರೆಸುವವರಿಗೆ ಎರಡನೇ ವಾರದಲ್ಲಿ ಒಂದು ದಿನ ಎದುರಾಗಿಯೇ ಆಗುತ್ತದೆ. "ಮಿಸ್, ನನ್ನ ಕಥೆ ಮುಗೀತು" ಎಂದು ನಾಲ್ಕೈದು ಮಕ್ಕಳು ಒಟ್ಟಿಗೇ ನೋಟ್‌ಬುಕ್ ತಂದಿಡುತ್ತಾರೆ. ಬರೆದಿರುವುದು ಎರಡೂವರೆ ಪುಟ. ರಾಜಕುಮಾರ ಕಾಡಿಗೆ ಹೋದ, ರಾಕ್ಷಸನನ್ನು ಕೊಂದ, ವಾಪಸ್ ಬಂದ.

ಆಗ "ಇನ್ನೂ ಉದ್ದ ಬರಿ" ಎಂದರೆ ಮಗು ಇನ್ನೊಬ್ಬ ರಾಕ್ಷಸನನ್ನು ತಂದು ಅವನನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತದೆ. "ಕಾಡಿಗೆ ಹೋದ" ಎಂಬುದೊಂದನ್ನೇ ಹೊಸ ಹಾಳೆಯ ಮೇಲೆ ಬರೆಸಿ ಕೇಳಿ: ಹೊರಡುವಾಗ ಯಾರು ತಡೆದರು? ಚೀಲದಲ್ಲಿ ಏನಿತ್ತು? ಕಾಡಿನಲ್ಲಿ ಮೊದಲು ಕೇಳಿದ ಸದ್ದು ಯಾವುದು? ಉತ್ತರವನ್ನು ಬಾಯಲ್ಲಿ ಹೇಳಿಸಬೇಡಿ. ಹೇಳಿಬಿಟ್ಟರೆ ಬರೆಯುವ ಹುರುಪು ಅಲ್ಲೇ ಇಳಿಯುತ್ತದೆ. ತಡೆದವಳು ಅಜ್ಜಿಯಾದರೆ ಅವರಿಬ್ಬರ ಮಾತನ್ನೇ ಹತ್ತು ಸಾಲು ಬರೆಯಲಿ. ಒಂದು ಸಾಲು ಒಂದು ಪುಟವಾದದ್ದನ್ನು ಕಂಡ ಮಗು "ರಾಕ್ಷಸನನ್ನು ಕೊಂದ" ಎಂಬಲ್ಲಿಗೆ ತಾನಾಗಿಯೇ ವಾಪಸ್ ಹೋಗುತ್ತದೆ.

ಎಷ್ಟೋ ಸಲ ತೊಡಕು ಇರುವುದು ಗುರಿಯಲ್ಲಿ. 1999ರಲ್ಲಿ ಅಮೆರಿಕದಲ್ಲಿ 21 ಜನರಿಂದ ಶುರುವಾದ ನ್ಯಾನೊರೈಮೊ ಎಂಬ ಕಾದಂಬರಿ ಬರೆಯುವ ಸವಾಲು ದೊಡ್ಡವರಿಗೆ ತಿಂಗಳಿಗೆ 50,000 ಪದಗಳ ಗುರಿ ಇಟ್ಟಿತ್ತು. ಅದರ ಮಕ್ಕಳ ವಿಭಾಗದಲ್ಲಿ ಮಾತ್ರ ಮಕ್ಕಳೇ ತಮ್ಮ ಗುರಿ ನಿಶ್ಚಯಿಸುತ್ತಿದ್ದರು. ಸಂಸ್ಥೆ ಮುಚ್ಚುತ್ತಿದೆ ಎಂಬ ಪ್ರಕಟಣೆ 2025ರಲ್ಲಿ ಬಂತು, ಆದರೆ ಈ ಕ್ರಮವನ್ನು ನಾವು ಬಿಡಬಾರದು. ಮೊದಲ ದಿನ ಹತ್ತು ನಿಮಿಷ ಬರೆಸಿ ಸಾಲು ಎಣಿಸಿ. ಎಂಟು ಸಾಲಾದರೆ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಇಪ್ಪತ್ತು ದಿನಕ್ಕೆ 320 ಸಾಲು, ಅಂದರೆ ಇಪ್ಪತ್ತು ಸಾಲಿನ ಹದಿನಾರು ಪುಟ. ರಜೆ, ಜ್ವರ ಎಲ್ಲ ಸೇರಿಸಿ ಹನ್ನೆರಡಕ್ಕೆ ನಿಲ್ಲಿಸಿ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಪದ ಎಣಿಸುವುದಕ್ಕಿಂತ ಸಾಲು ಎಣಿಸುವುದೇ ಸಲೀಸು. ಗೋಡೆಯ ಪಟ್ಟಿಯಲ್ಲಿ ಪುಟದ ಲೆಕ್ಕ ಹಾಕದೆ ಅವರವರ ಗುರಿಯ ಶೇಕಡಾವಾರು ಹಾಕಿ. ಇಲ್ಲವಾದರೆ ನಿಧಾನ ಬರೆಯುವವರು ಮೂರನೇ ದಿನಕ್ಕೇ ಕೈಬಿಡುತ್ತಾರೆ.

ರಬ್ಬರ್, ಕೆಂಪು ಪೆನ್ನು ಎರಡೂ ಆ ತಿಂಗಳು ಬೇಡ. ಕಾಗುಣಿತ ತಿದ್ದಿಸಿಕೊಂಡ ಮಗು ಮರುದಿನ ತನಗೆ ಖಾತ್ರಿಯಿರುವ ಪದಗಳನ್ನಷ್ಟೇ ಬಳಸುತ್ತದೆ, ಕಥೆ ಬಡವಾಗುತ್ತದೆ. ಬಲಗಡೆ ಪುಟದಲ್ಲಿ ಮಾತ್ರ ಬರೆಸಿದರೆ, ತಿದ್ದುವ ತಿಂಗಳಲ್ಲಿ ಎಡಗಡೆ ಪುಟ ಕೈಗೆ ಬರುತ್ತದೆ. ಆಗಲೂ ಒಂದು ದಿನಕ್ಕೆ ಒಂದೇ ಬಗೆಯ ತಪ್ಪು.

ಮುಂದಿನದು ಕಥೆಯನ್ನು ಪುಸ್ತಕ ಮಾಡಿ ಗ್ರಂಥಾಲಯಕ್ಕೆ ಸೇರಿಸುವ ಕೆಲಸ. ಎ4 ಹಾಳೆ ನಡುವೆ ಮಡಚಿದರೆ ನಾಲ್ಕು ಪುಟ, ಎಂಟು ಹಾಳೆಗೆ ಮೂವತ್ತೆರಡು. ಮೊದಲು ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಬರೆದು ನೋಡಿ, ಇಲ್ಲವೆಂದರೆ ಮೂರನೇ ಪುಟ ಮೂವತ್ತನೆಯದಾಗಿ ಅಚ್ಚಾಗುತ್ತದೆ. ಮಡಿಕೆಯಲ್ಲಿ ಮೂರು ತೂತು, ದಪ್ಪ ದಾರ. ಹಾಳೆ ಹತ್ತು ದಾಟಿದರೆ ನಡುವಿನವು ಹೊರಚಾಚುತ್ತವೆ, ಹಾಗಾಗಿ ಐದೈದರ ಕಟ್ಟು ಮಾಡಿ ಹೊಲಿಯಿರಿ. ಉಳಿದ ಪುಸ್ತಕಗಳಂತೆ ಇದಕ್ಕೂ ದಾಖಲಾತಿ ಸಂಖ್ಯೆ ಕೊಟ್ಟು, ಎರವಲು ಚೀಟಿ ಅಂಟಿಸಿ ಶೆಲ್ಫಿಗೆ ಇಡಿ. ಬೇರೆ ಮಕ್ಕಳು ಕೇಳಿ ಒಯ್ಯುತ್ತಾರೆ.

ಶೆಲ್ಫಿಗೆ ಇಡುವ ಮುಂಚೆ ಮಗುವನ್ನು ಪಕ್ಕಕ್ಕೆ ಕರೆದು, ಇಡಬಹುದೇ ಎಂದು ಕೇಳಬೇಕು. ಮನೆಯ ಜಗಳವನ್ನೇ ರಾಕ್ಷಸನ ಕಥೆ ಮಾಡಿ ಬರೆದಿರುವ ಮಕ್ಕಳೂ ಇರುತ್ತಾರೆ. ಬೇಡ ಎಂದರೆ ಪುಸ್ತಕ ಆ ಮಗುವಿನ ಹತ್ತಿರವೇ ಇರಲಿ. ಯಾಕೆ ಎಂದು ಎಲ್ಲರೆದುರು ಕೇಳಬೇಡಿ.