ಬೂದಿ ಚೀಲ, ಖಾಲಿ ಸೀಟು: ಚಳಿಗಾಲದಲ್ಲಿ ಒಬ್ಬರೇ ಕಾಜಾಕ್ಕೆ

ಕಾಜಾ ಎಂದರೆ ಹಿಮಾಚಲ ಪ್ರದೇಶದ ಎತ್ತರದ ಸ್ಪಿತಿ ಕಣಿವೆಯ ಮುಖ್ಯ ಪೇಟೆ. ಚಳಿಗಾಲದಲ್ಲಿ ಸ್ಪಿತಿಗೆ ಹೋಗಲು ಇರುವುದು ಒಂದೇ ದಾರಿ. ಮನಾಲಿ ಕಡೆಯಿಂದ ಬರುವ ರಸ್ತೆ 4,500 ಮೀಟರಿಗೂ ಎತ್ತರದ ಕುಂಜುಮ್ ಪಾಸ್ ದಾಟಬೇಕು, ಹಿಮ ಬಿದ್ದ ಮೇಲೆ ಅದು ಬೇಸಿಗೆಯವರೆಗೆ ಮುಚ್ಚಿರುತ್ತದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆಯಿತಲ್ಲ, ಇನ್ನೇನು ತೊಂದರೆ ಎಂದುಕೊಂಡು ಮನಾಲಿಗೆ ಹೋದರೆ, ಸುರಂಗ ದಾಟಿದರೂ ಕುಂಜುಮ್ ಪಾಸಿನ ಈಚೆಯ ಕಣಿವೆಯಾದ ಲಾಹೌಲ್‌ನಲ್ಲೇ ನಿಲ್ಲಬೇಕಾಗುತ್ತದೆ. ಸ್ಪಿತಿಗೆ ಶಿಮ್ಲಾ, ನಾರ್ಕಂಡಾ, ರಾಂಪುರ, ರೆಕಾಂಗ್ ಪಿಯೊ, ನಾಕೋ, ತಾಬೋ ಮಾರ್ಗವಾಗಿ ಸಟ್ಲೆಜ್ ನದಿಯನ್ನು, ಆಮೇಲೆ ಸ್ಪಿತಿ ನದಿಯನ್ನು ಹಿಡಿದೇ ಏರಬೇಕು.

ಈ ದಾರಿಯಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ಹೋಗುವವರು ಒಂದಲ್ಲ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಸಿಕ್ಕಿಕೊಂಡಾಗ ಯಾರಾದರೂ ನಿಲ್ಲಿಸುತ್ತಾರೆ: ಬಸ್ಸಿನ ಡ್ರೈವರ್, ತರಕಾರಿ ಪಿಕಪ್‌ನವರು, ಸೇನೆಯ ಟ್ರಕ್ಕಿನವರು, ರಸ್ತೆ ಕೆಲಸದ ಕೂಲಿಗಳು. ಅಷ್ಟು ಚಳಿಯಲ್ಲಿ ಸಿಕ್ಕಿಬಿದ್ದವರನ್ನು ಬಿಟ್ಟು ಮುಂದೆ ಹೋಗುವುದು ಅಲ್ಲಿಯ ರೂಢಿಯಲ್ಲ. ಆದರೆ ಅವರ ಹತ್ತಿರ ಇರುವುದು ಎರಡು ಕೈ ಮತ್ತು ಸ್ವಲ್ಪ ಹೊತ್ತು ಮಾತ್ರ. ನಿಮ್ಮ ಕಾರಿಗೆ ಹೊಂದುವ ಕೊಕ್ಕೆ, ಹಗ್ಗ, ಕೇಬಲ್ಲು ಅವರಲ್ಲಿ ಇರುವುದಿಲ್ಲ. ಹಾಗಾಗಿ ತಯಾರಿ ಎಂದರೆ ಇಷ್ಟೇ: ನಿಲ್ಲಿಸಿದವರ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುವಂತೆ ಬೇಕಾದ್ದೆಲ್ಲ ನಿಮ್ಮ ಡಿಕ್ಕಿಯಲ್ಲಿರಬೇಕು.

ಮೊದಲು ಟೋ ಹುಕ್ಕು, ಅಂದರೆ ಕಾರು ಎಳೆಯಲು ಹಗ್ಗ ಸಿಕ್ಕಿಸುವ ಕೊಕ್ಕೆ. ಇಂದಿನ ಬಹುತೇಕ ಕಾರುಗಳಲ್ಲಿ ಅದು ಸ್ಟೆಪ್ನಿಯ ಪಕ್ಕ ಜಾಕ್ ಜೊತೆ ಬಿಡಿಯಾಗಿ ಇರುತ್ತದೆ. ಬಂಪರಿನ ಮೇಲಿನ ಚಿಕ್ಕ ಮುಚ್ಚಳ ತೆಗೆದು ಒಳಗೆ ತಿರುಗಿಸಿ ಕೂರಿಸಬೇಕು. ಕೆಲವು ಕಾರುಗಳಲ್ಲಿ ಅದರ ತಿರುಪು ಎಡಕ್ಕೆ ತಿರುಗುತ್ತದೆ. ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ ಇದನ್ನು ಕಂಡುಹಿಡಿಯುವುದು ಯಾರಿಗೂ ಬೇಡ. ಮನೆಯಂಗಳದಲ್ಲೇ ಒಮ್ಮೆ ಕೂರಿಸಿ ತೆಗೆದು ಇಡಿ. ಹುಕ್ಕು ಸಿಗದಿದ್ದರೆ ಸಹಾಯಕ್ಕೆ ಬಂದವರು ಕೈಗೆ ಸಿಕ್ಕ ಕಬ್ಬಿಣಕ್ಕೆ ಹಗ್ಗ ಕಟ್ಟುತ್ತಾರೆ. ಅದು ಹೆಚ್ಚಾಗಿ ಸಸ್ಪೆನ್ಷನ್ನಿನ ತೋಳೇ ಆಗಿರುತ್ತದೆ, ಎಳೆದ ಏಟಿಗೆ ಬಾಗುತ್ತದೆ. ಹುಕ್ಕಿನ ಜೊತೆ ಕಾರಿನ ತೂಕಕ್ಕೆ ತಕ್ಕ ಹಗ್ಗ, ದಪ್ಪ ತಂತಿಯ ಜಂಪರ್ ಕೇಬಲ್, ಟೈರಿನ ಅಳತೆಗೆ ಸರಿಹೊಂದುವ ಹಿಮ ಸರಪಳಿ, ಸಣ್ಣ ಸಲಿಕೆ, ತಲೆಗೆ ಕಟ್ಟುವ ಟಾರ್ಚು, ರಬ್ಬರ್ ಕೈಗವಸು. ಸಲಿಕೆಯ ಪಕ್ಕದಲ್ಲಿ ಐದಾರು ಕಿಲೋ ಒಲೆ ಬೂದಿ ಇಲ್ಲವೇ ಒರಟು ಮರಳು ತುಂಬಿದ ಚೀಲ ಇರಲಿ. ಇದರ ಮಾತು ಮುಂದೆ ಬರುತ್ತದೆ.

ದಕ್ಷಿಣದ ಕಾರಿನಲ್ಲಿ ಮೊದಲು ಸಂಶಯಪಡಬೇಕಾದ್ದು ರೇಡಿಯೇಟರ್. ಬೇಸಿಗೆಯಲ್ಲಿ ಕೂಲಂಟ್ ಕಡಿಮೆಯಾದಾಗೆಲ್ಲ ನೀರು ಸುರಿದು ಸುರಿದು ಒಳಗೆ ಬಹುಪಾಲು ನೀರೇ ಉಳಿದಿರುತ್ತದೆ. ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ, ರೇಡಿಯೇಟರನ್ನೋ ಎಂಜಿನ್ ಬ್ಲಾಕನ್ನೋ ಸೀಳುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರು ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಭಯವಿಲ್ಲ. ಗ್ಲೈಕಾಲ್ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಲೆಕ್ಕ ತಪ್ಪು. ಬರೀ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಗಾಜು ತೊಳೆಯುವ ನೀರಿನ ಡಬ್ಬಿಯನ್ನು ಶಿಮ್ಲಾದಲ್ಲೇ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ತುಂಬಿ.

ಬ್ಯಾಟರಿ ಮೂರು ವರ್ಷ ದಾಟಿದ್ದರೆ ಬದಲಿಸಿಯೇ ಹೊರಡಿ. ಮೈನಸ್ 18 ಡಿಗ್ರಿಯಲ್ಲಿ ಲೆಡ್ ಆ್ಯಸಿಡ್ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಕಾಜಾದಲ್ಲಿ ಜನವರಿ ರಾತ್ರಿ ಮೈನಸ್ 25ಕ್ಕೆ ಇಳಿಯುವುದೂ ಉಂಟು. ಟೈರಿನ ಗಾಳಿಯ ಲೆಕ್ಕ ಮಾತ್ರ ಸ್ವಲ್ಪ ವಿಚಿತ್ರ. ಚಳಿಗೆ ಒತ್ತಡ ಇಳಿಯುತ್ತದೆ, ಎತ್ತರಕ್ಕೆ ಮೀಟರ್ ಏರಿದಂತೆ ತೋರಿಸುತ್ತದೆ. ಬೆಂಗಳೂರಿನ 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರು ಕಾಜಾದ ಮೈನಸ್ 20ರ ಮುಂಜಾವಿನಲ್ಲಿ 30ರ ಹತ್ತಿರ ತೋರಿಸುತ್ತದೆ, ಅಷ್ಟೇ. ಹಿಡಿತ ಸಿಗಲಿ ಎಂದು ಗಾಳಿ ಇಳಿಸುವವರಿದ್ದಾರೆ. ಚೂಪು ಕಲ್ಲಿನ ಆ ರಸ್ತೆಯಲ್ಲಿ ಟೈರಿನ ಪಕ್ಕೆ ಹರಿಯುವುದು ಹಾಗೆಯೇ. ಇಳಿಸಬೇಡಿ.

ದಾರಿ ಶುರುವಾಗುವುದೇ ಜಾರುವಿಕೆಯಿಂದ. ಕುಫ್ರಿಯಿಂದ ನಾರ್ಕಂಡಾವರೆಗೆ ದೇವದಾರು ಮರಗಳ ನೆರಳಿನ ತಿರುವುಗಳಲ್ಲಿ ಡಾಂಬರು ಒದ್ದೆಯಾದಂತೆ ಮಿನುಗುತ್ತದೆ. ಅದು ಒದ್ದೆಯಲ್ಲ, ಗಾಜಿನಂತೆ ತೆಳ್ಳಗೆ ಕಟ್ಟಿದ ಐಸು. ಬಿಳಿ ಹಿಮದ ಮೇಲೆ ಟೈರು ಸ್ವಲ್ಪವಾದರೂ ಕಚ್ಚುತ್ತದೆ, ಇದರ ಮೇಲೆ ಕಚ್ಚುವುದಿಲ್ಲ. ಎದುರಿನ ಗಾಡಿಯ ಚಕ್ರ ನೀರು ಚಿಮ್ಮಿಸುತ್ತಿದ್ದರೆ ರಸ್ತೆ ಒದ್ದೆಯಾಗಿದೆ, ಮಿನುಗುತ್ತಿದ್ದರೂ ಏನೂ ಚಿಮ್ಮದಿದ್ದರೆ ಐಸು. ಎರಡನೇ ಗೇರಿನಲ್ಲಿ, ಕ್ಲಚ್ಚಿಗೂ ಬ್ರೇಕಿಗೂ ಕಾಲಿಡದೆ, ಸ್ಟೀರಿಂಗ್ ಸಣ್ಣಗೆ ತಿರುಗಿಸಿ ಇಳಿಯಬೇಕು.

ರಾಂಪುರ 1,000 ಮೀಟರಿನ ಆಸುಪಾಸಿನ ಪೇಟೆ, ಮೊದಲ ರಾತ್ರಿಗೆ ಒಳ್ಳೆಯದು. ಇಲ್ಲಿ ಒಂದು ಚೀಲ ತಾಜಾ ತರಕಾರಿ, ಹಣ್ಣು ಕೊಂಡಿಟ್ಟುಕೊಳ್ಳಿ. ಚಳಿಗಾಲದ ಸ್ಪಿತಿಯಲ್ಲಿ ಹಸಿರು ಕಾಣುವುದೇ ಅಪರೂಪ. ಉಳಿಯುವ ಮನೆಯವರಿಗೆ ಅದಕ್ಕಿಂತ ಬೇಕಾದ ಉಡುಗೊರೆ ಇಲ್ಲ. ಚೀಲವನ್ನು ಡಿಕ್ಕಿಯಲ್ಲಿ ಬಿಟ್ಟರೆ ಒಂದೇ ರಾತ್ರಿಗೆ ಟೊಮೆಟೊ ಕಲ್ಲಾಗಿ, ಬೆಳಿಗ್ಗೆ ನೀರಾಗುತ್ತದೆ. ಕೋಣೆಗೇ ಒಯ್ಯಿರಿ.

ಎರಡನೇ ದಿನ ಪಿಯೊ, ಅದರ ಮೇಲಿನ ಕಲ್ಪಾ. ಕಲ್ಪಾ 2,960 ಮೀಟರ್, ಎದುರಿಗೆ ಕಿನ್ನೌರ್ ಕೈಲಾಸ. ಇಲ್ಲಿ ಎರಡು ರಾತ್ರಿ ಇರಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಕಲ್ಪಾದ ನಂತರ ತಾಬೋ ಸುಮಾರು 3,280, ಕಾಜಾ ಸುಮಾರು 3,650. ಏಣಿಯ ಮೆಟ್ಟಿಲು ತಾನಾಗಿಯೇ ಸರಿ ಬೀಳುತ್ತದೆ. ನಾಕೋ ತಾಬೋಗಿಂತ ಎತ್ತರದಲ್ಲಿದೆ, ಆದ್ದರಿಂದ ಹೋಗುವಾಗ ಅಲ್ಲಿ ಮಲಗದಿರುವುದು ಮೇಲು. ಒಬ್ಬರೇ ಇದ್ದಾಗ ಎತ್ತರದ ಕಾಯಿಲೆಯ ಅಪಾಯ ಎರಡು ಪಟ್ಟು, ಏಕೆಂದರೆ ಮಾತು ತೊದಲುವುದು, ನಡಿಗೆ ತಪ್ಪುವುದು ಪಕ್ಕದವರ ಕಣ್ಣಿಗೆ ಬೀಳುವ ಲಕ್ಷಣಗಳು. ತಲೆನೋವಿನ ಜೊತೆ ವಾಂತಿ ಬಂದರೆ ಉಳಿದುಕೊಂಡ ಮನೆಯವರಿಗೆ ಹೇಳಿಯೇ ಮಲಗಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಪಿಯೊದ ಬಸ್ ನಿಲ್ದಾಣ ಈ ಪ್ರವಾಸದ ಹವಾಮಾನ ಕೇಂದ್ರ. ಕಾಜಾಕ್ಕೆ ಹೋಗುವ ಸರ್ಕಾರಿ ಬಸ್ಸು ನಿನ್ನೆ ತಲುಪಿತೇ ಎಂದು ಕೇಳಿ. ತಲುಪಿದ್ದರೆ ಹೊರಡಬಹುದು. ಎಲ್ಲಿಯೋ ನಿಂತಿದ್ದರೆ ನೀವೂ ನಿಲ್ಲಿ. ಮೊಬೈಲಿನ ಯಾವ ಮುನ್ಸೂಚನೆಗಿಂತಲೂ ಆ ಡ್ರೈವರನ ಒಂದು ಮಾತು ಹೆಚ್ಚು ತೂಕದ್ದು. ಪಿಯೊದ ಕೆಳಗೆ ಪೊವಾರಿಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಮುಂದೆ ನೆಚ್ಚಬಹುದಾದ ಬಂಕು ಕಾಜಾದಲ್ಲಿ.

ಡೀಸೆಲ್ ಕಾರಿನವರು ಬಯಲು ಸೀಮೆಯ ಡೀಸೆಲನ್ನು ಇಲ್ಲಿಗೆ ಬರುವಷ್ಟರಲ್ಲಿ ಆದಷ್ಟು ಖಾಲಿ ಮಾಡಿರಬೇಕು. ಚಳಿಗೆ ಡೀಸೆಲ್ಲಿನ ಮೇಣ ಹರಳುಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗುರುತು ಸ್ಪಷ್ಟ: ಎಂಜಿನ್ ಶುರುವಾಗುತ್ತದೆ, ಎರಡು ನಿಮಿಷ ಓಡುತ್ತದೆ, ಕೆಮ್ಮಿ ಸಾಯುತ್ತದೆ. ಪದೇ ಪದೇ ಸೆಲ್ಫ್ ಹೊಡೆದರೆ ಬ್ಯಾಟರಿಯೂ ಹೋಗುತ್ತದೆ. ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹನಿಸಿ, ಬಿಸಿಲು ಏರುವವರೆಗೆ ಕಾಯಿರಿ. ಹಳೆಯ ಲಾರಿಗಳ ಕೆಳಗೆ ಬೆಂಕಿ ಇಡುವುದು ಕಾಣಸಿಗಬಹುದು, ಯಾರಾದರೂ ನಿಮಗೂ ಪ್ರೀತಿಯಿಂದಲೇ ಅದನ್ನು ಸೂಚಿಸಬಹುದು. ಪ್ಲಾಸ್ಟಿಕ್ ಟ್ಯಾಂಕು, ಪೈಪುಗಳ ಇಂದಿನ ಕಾರಿಗೆ ಅದು ಸಲ್ಲದು. ಸೀಮೆಎಣ್ಣೆ ಬೆರೆಸುವುದೂ ಹಾಗೆಯೇ: ಅದಕ್ಕೆ ಜಿಡ್ಡು ಕಡಿಮೆ, ಬಿಎಸ್ 6 ಹೊಗೆ ಮಾನದಂಡದ ಇಂದಿನ ಕಾರಿನ ಹೈ ಪ್ರೆಷರ್ ಪಂಪು ಸವೆಯುತ್ತದೆ. ಕೈಮುಗಿದು ಬೇಡವೆನ್ನಿ.

ಮೂರನೆಯ ಹಂತವೇ ಇಡೀ ಪ್ರಯಾಣದ ತಿರುಳು. ಪೂಹ್ ದಾಟಿ ಖಾಬ್‌ನಲ್ಲಿ ಟಿಬೆಟ್ ಕಡೆಯಿಂದ ಬರುವ ಸಟ್ಲೆಜ್‌ಗೆ ಸ್ಪಿತಿ ನದಿ ಸೇರುತ್ತದೆ. ಅಲ್ಲಿಂದ ರಸ್ತೆ ಸುತ್ತುಸುತ್ತಾಗಿ ನಾಕೋಗೆ ಏರಿ, ಮಲಿಂಗ್ ನಾಲಾ ಎಂಬ ಬೆಟ್ಟದ ತೊರೆ ದಾಟಿ ಚಾಂಗೋಗೆ ಇಳಿಯುತ್ತದೆ. ಇಲ್ಲಿ ಎರಡು ಅಪಾಯಗಳು ಒಂದಕ್ಕೊಂದು ವಿರುದ್ಧ ವೇಳೆಯಲ್ಲಿ ಕಾಯುತ್ತವೆ. ರಾತ್ರಿ ಬಂಡೆಯ ಬಿರುಕಿನಲ್ಲಿ ಹೆಪ್ಪುಗಟ್ಟಿದ ನೀರು ಕಲ್ಲನ್ನು ಸಡಿಲಿಸುತ್ತದೆ, ಬಿಸಿಲಿಗೆ ಅದು ಕರಗಿದಾಗ ಕಲ್ಲು ಉದುರುತ್ತದೆ. ಅಂದರೆ ಕಲ್ಲಿನ ಭಯ ಮಧ್ಯಾಹ್ನದ ಮೇಲೆ ಹೆಚ್ಚು. ನಾಲಾಗಳ ನೀರು ರಾತ್ರಿಯಿಡೀ ರಸ್ತೆಗೆ ಅಡ್ಡಲಾಗಿ ಐಸಿನ ಹಾಸಾಗಿರುತ್ತದೆ, ಬೆಳಿಗ್ಗೆ ಅದರ ಮೇಲೆ ಹೋಗುವುದು ಹುಚ್ಚು. ಸಂಜೆ ನಾಲ್ಕಕ್ಕೆ ಬೆಟ್ಟದ ನೆರಳು ಬಿದ್ದೊಡನೆ ಕರಗಿದ್ದು ಮತ್ತೆ ಕಟ್ಟುತ್ತದೆ. ಉಳಿಯುವ ಕಿಂಡಿ ಹತ್ತರಿಂದ ಎರಡರವರೆಗೆ. ಕಲ್ಪಾವನ್ನು ಎಂಟಕ್ಕೆ ಬಿಟ್ಟರೆ ಮಲಿಂಗ್ ಅದರೊಳಗೆ ಸಿಗುತ್ತದೆ. ಎರಡು ಗಂಟೆಯಾದರೂ ನಾಕೋ ತಲುಪಿರದಿದ್ದರೆ ಅಂದು ಮುಂದಕ್ಕಿಲ್ಲ, ಸಿಕ್ಕ ಊರಿನಲ್ಲಿ ಉಳಿಯಿರಿ. ಗಾಳಿಯ ಸದ್ದಿಲ್ಲದಾಗ ಜಲ್ಲಿ ಉದುರುವ ಸದ್ದು ಕೇಳಿಸುತ್ತದೆ, ಹಾಗಾಗಿ ಹಾಡು ಬಂದ್, ಕಿಟಕಿ ಒಂದಿಂಚು ತೆರೆದಿರಲಿ.

ಐಸಿನ ಹಾಸು ಕಂಡರೆ ಮೊದಲು ಕಾರು ನಿಲ್ಲಿಸಿ ಇಳಿದು ನಡೆದು ನೋಡಿ. ಸರಪಳಿಯನ್ನು ಎಂಜಿನ್ ಯಾವ ಚಕ್ರ ತಿರುಗಿಸುತ್ತದೋ ಅದಕ್ಕೇ ಹಾಕಬೇಕು. ಫ್ರಂಟ್ ವೀಲ್ ಡ್ರೈವ್ ಕಾರಿಗೆ ಮುಂದೆ. ಐಸು ಶುರುವಾಗುವ ಮೊದಲೇ, ಸಮತಟ್ಟಾದ ಕಡೆ ಹಾಕಿ, ನೂರು ಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ. ಮೊದಲ ಸಲ ಎಷ್ಟೇ ಬಿಗಿದರೂ ಅದು ಸಡಿಲವಾಗುತ್ತದೆ, ಸಡಿಲ ಸರಪಳಿ ಬ್ರೇಕ್ ಪೈಪನ್ನು ಹೊಡೆದು ಕತ್ತರಿಸುತ್ತದೆ. ಗಂಟೆಗೆ 30 ಕಿ.ಮೀ. ದಾಟಬೇಡಿ, ಬರಿಯ ಡಾಂಬರು ಬಂದೊಡನೆ ಬಿಚ್ಚಿ.

ಆದರೂ ಚಕ್ರ ಒಂದೇ ಕಡೆ ತಿರುಗಿದರೆ ಆಕ್ಸಿಲರೇಟರ್ ಒತ್ತಬೇಡಿ. ತಿರುಗುವ ಟೈರು ಐಸನ್ನು ಕರಗಿಸಿ ಇನ್ನಷ್ಟು ನುಣುಪು ಮಾಡುತ್ತದೆ. ಬೂದಿ ಚೀಲ ತೆಗೆಯುವ ಹೊತ್ತು ಇದು. ಚಕ್ರದ ಮುಂದೆ ಎರಡು ಮಾರು ಉದ್ದಕ್ಕೆ ಚೆಲ್ಲಿ. ಬೂದಿಯ ಒರಟು ಹಿಡಿತ ಕೊಡುತ್ತದೆ, ಅದರ ಕಪ್ಪು ಬಿಸಿಲನ್ನು ಹೀರಿ ಐಸನ್ನು ಸಡಿಲಿಸುತ್ತದೆ. ಏರಿನಲ್ಲಿ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಫ್ರಂಟ್ ವೀಲ್ ಡ್ರೈವ್ ಕಾರು ಮುಂದಕ್ಕೆ ಹತ್ತದೆ ಹಿಮ್ಮುಖವಾಗಿ ಹತ್ತುವುದುಂಟು. ಹೀಗೆ ಹತ್ತಿಸುವ ಅಭ್ಯಾಸವಿರುವ ಸ್ಥಳೀಯ ಡ್ರೈವರ್ ಸಿಕ್ಕರೆ ಕೀಲಿ ಅವರ ಕೈಗೆ ಕೊಡಲು ಸಂಕೋಚ ಬೇಡ. ತಳ್ಳುವವರು ಬಂದರೆ ಅವರು ಕಾರಿನ ನೇರ ಹಿಂದೆ ನಿಲ್ಲದೆ ಪಕ್ಕದಲ್ಲಿ, ಬೆಟ್ಟದ ಕಡೆಗೆ ನಿಲ್ಲುವಂತೆ ನೀವೇ ಹೇಳಬೇಕು. ಕಾರು ಜಾರಿದರೆ ಪೆಟ್ಟು ತಿನ್ನುವವರು ಸಹಾಯಕ್ಕೆ ಬಂದವರೇ.

ಸುಮ್ದೋದ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಎಲ್ಲಿಗೆ ಹೊರಟಿದ್ದೀರಿ ಎಂದು ಹೇಳಿಯೇ ಮುಂದೆ ಹೋಗಿ. ಮುಂದೆ 996ನೇ ಇಸವಿಯ ಬೌದ್ಧ ವಿಹಾರವಿರುವ ತಾಬೋ. ಅಲ್ಲಿಂದ ಕಾಜಾಕ್ಕೆ 50 ಕಿ.ಮೀ.ಗೂ ಕಡಿಮೆ, ಹಿಮ ಬೀಳದ ದಿನ ಸಲೀಸಾದ ದಾರಿ.

ರಾತ್ರಿ ಕಾರು ನಿಲ್ಲಿಸುವಾಗ ಮುಂಭಾಗ ಪೂರ್ವಕ್ಕಿರಲಿ, ಬೆಳಗಿನ ಬಿಸಿಲು ಗಾಜಿಗೂ ಬಾನೆಟ್ಟಿಗೂ ಮೊದಲು ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆ ಲೈನರು ಡ್ರಮ್ಮಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿಡಿ, ಗಾಜಿಗೆ ಗೋಣಿ ಹೊದಿಸಿ. ಮನೆಯವರು ಕುದಿವ ನೀರಿನ ಕೆಟಲ್ ಹಿಡಿದು ಬಂದರೆ ಗಾಜಿಗೆ ಸುರಿಯಲು ಬಿಡಬೇಡಿ, ಸೀಳುತ್ತದೆ.

ಬ್ಯಾಟರಿ ಸತ್ತಿದ್ದರೆ ಮೊದಲು ಅದರ ಪಕ್ಕೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಒಳಗೆ ಹೆಪ್ಪುಗಟ್ಟಿದೆ, ಜಂಪರ್ ಹಾಕಿದರೆ ಸಿಡಿಯಬಹುದು. ಇಲ್ಲವಾದರೆ ಕೆಂಪು ತಂತಿ ನಿಮ್ಮ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಸಹಾಯಕ್ಕೆ ಬಂದವರ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಅವರ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಅವರ ಗಾಡಿ ಐದು ನಿಮಿಷ ಓಡಲಿ, ಆಮೇಲೆ ಸೆಲ್ಫ್. ಶುರುವಾದ ಮೇಲೆ ಅರ್ಧ ಗಂಟೆ ನಿಲ್ಲಿಸಬೇಡಿ.

ಹಿಮಪಾತದಲ್ಲಿ ಕಾರಿನೊಳಗೇ ರಾತ್ರಿ ಕಳೆಯಬೇಕಾಗಿ ಬಂದರೆ ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ. ಪ್ರತಿ ಸಲ ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ಬಿಡಿಸಿ. ಅದು ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಮಲಗುವುದಕ್ಕೂ ಇದೇ ಮಾತು.

ಎಳೆದು ಬಿಟ್ಟವರು ದುಡ್ಡು ಮುಟ್ಟದಿರಬಹುದು, ಒತ್ತಾಯಿಸಬೇಡಿ. ಸ್ಪಿತಿಯಲ್ಲಿ ‘ಜೂಲೆ’ ಎಂದರೆ ನಮಸ್ಕಾರವೂ ಹೌದು, ಧನ್ಯವಾದವೂ ಹೌದು. ಕರೆದರೆ ಉಪ್ಪಿನ ಚಹಾಕ್ಕೆ ಕುಳಿತುಕೊಳ್ಳಿ. ನಲ್ಲಿಗಳು ಕಟ್ಟಿಹೋಗಿ ಮನೆಯ ನೀರೆಲ್ಲ ಹೊತ್ತು ತಂದದ್ದಾಗಿರುತ್ತದೆ. ಸ್ನಾನಕ್ಕೆ ಬಿಸಿನೀರು ಕೇಳದಿರುವುದೇ ಅವರಿಗೆ ಮಾಡುವ ಉಪಕಾರ. ಒಬ್ಬರೇ ಹೋದವರ ಬಳಿ ಕೊಡಲು ಇನ್ನೊಂದು ದೊಡ್ಡ ವಸ್ತುವಿದೆ, ಖಾಲಿ ಸೀಟು. ಬಸ್ಸು ನಿಂತ ದಿನಗಳಲ್ಲಿ ಆಸ್ಪತ್ರೆಗೋ ಪರೀಕ್ಷೆಗೋ ಪಿಯೊಗೆ ಇಳಿಯಬೇಕಾದವರು ಕಾಯುತ್ತಿರುತ್ತಾರೆ. ಹೊರಡುವ ಹಿಂದಿನ ಸಂಜೆ ಉಳಿದ ಮನೆಯಲ್ಲಿ ಹೇಳಿಡಿ, ಬೆಳಗಾಗುವಷ್ಟರಲ್ಲಿ ಊರಿಗೇ ತಿಳಿದಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಯಾವ ನಾಲಾ ಎಷ್ಟು ಗಂಟೆಗೆ ಕಟ್ಟುತ್ತದೆ, ಯಾವ ತಿರುವಿನಲ್ಲಿ ಕಲ್ಲು ಉದುರುತ್ತದೆ ಎಂಬುದು ಬಾಯಿಪಾಠ.

ಹೊರಡುವ ಮೊದಲು ಆ ಮನೆಯ ಕಬ್ಬಿಣದ ಒಲೆಯಿಂದ ಬೂದಿ ಚೀಲವನ್ನು ಮತ್ತೆ ತುಂಬಿಸಿಕೊಳ್ಳಿ. ಹಿಂದಿನ ದಿನ ತೆಗೆದು ಹೊರಗಿಟ್ಟ ಬೂದಿಯನ್ನೇ ಕೇಳಿ. ಆ ರಾತ್ರಿಯದ್ದರಲ್ಲಿ ಕೆಂಡ ಅಡಗಿರುತ್ತದೆ, ಡಿಕ್ಕಿಯಲ್ಲಿ ಚೀಲ ಹೊತ್ತಿಕೊಳ್ಳುತ್ತದೆ.